ಚೀನಾಕ್ಕೆ ಹೊರಟ ಮೇಷ್ಟರು

ಮೂರು ವಾರಗಳ ಹಿಂದೆ, ಭಾನುವಾರದ ಬೆಳಗ್ಗೆ, ಉತ್ತರ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕೆಂಪು ಶಾಯಿಯ ಲೇಖನಿಯನ್ನು ಒಲ್ಲದ ಮನಸ್ಸಿನಿಂದ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ನೆರೆಬೀದಿಯ ಯೋಗದ ಮೇಷ್ಟರು ನಮ್ಮ ಜಗುಲಿಯನ್ನೇರಿ ಬಂದರು.

"ಸ್ವಾಮಿ, ಚೀನಾಕ್ಕೆ ಹೊರಟಿದೀನಿ. ಏನೇನು ಕಟ್ಟಿಕೊಳ್ಳಬೇಕು ಅಂತ ಒಂದು ಪಟ್ಟಿ ಬರೆದುಕೊಡಿ. ನೀವು ಹೋಗಿ ಬಂದೋರು."

2018ರಲ್ಲಿ ಅಧ್ಯಾಪಕರ ತಂಡವೊಂದರ ಜೊತೆಗೆ ಹನ್ನೆರಡು ದಿನ ಆ ದೇಶವನ್ನು ನೋಡಿ ಬಂದುದು ನಿಜ. ಅಂದಿನಿಂದ ಹುಳಿಯಾರಿನಲ್ಲಿ ಚೀನಾದ ವಿಚಾರಕ್ಕೆಲ್ಲ ನಾನೇ ಪಂಡಿತ. ಹನ್ನೆರಡು ದಿನದ ಪಾಂಡಿತ್ಯವೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಜ್ಞಾಪಿಸುವ ಗೋಜಿಗೆ ಹೋಗಿಲ್ಲ.

ಮೇಷ್ಟರು ಹೊರಟಿರುವುದರಲ್ಲಿ ಆಶ್ಚರ್ಯವೇನಿಲ್ಲ. ಮೈಸೂರಿನಲ್ಲಿ ಯೋಗವನ್ನು ಅಭ್ಯಾಸ ಮಾಡಿದ ಹಲವರು ಚೀನಾದ ನಗರಗಳಲ್ಲಿ ಶಿಕ್ಷಕರಾಗಿ ನೆಲೆಸಿದ್ದಾರೆ. ಯುನ್ನಾನ್ ಪ್ರಾಂತದ ಕುನ್‌ಮಿಂಗ್ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ 2015ರಲ್ಲಿ ಭಾರತ–ಚೀನಾ ಯೋಗ ಕಾಲೇಜೇ ಸ್ಥಾಪಿತವಾಯಿತು. 2020ರಲ್ಲಿ ನಿಂತುಹೋಗಿದ್ದ ಉಭಯ ದೇಶಗಳ ನಡುವಣ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಪುನಃ ಆರಂಭವಾದ ಮೇಲೆ ಹೋಗಬೇಕೆನ್ನುವವರ ಉತ್ಸಾಹವೂ ಮರುಕಳಿಸಿದೆ.

ಪಟ್ಟಿಯನ್ನು ಬರೆಯಲು ಕಾಗದವನ್ನೆಳೆದುಕೊಂಡು, "ಯಾವ ವೀಸಾ ಮೇಷ್ಟರೆ?" ಎಂದು ಕೇಳಿದೆ.

"ಪ್ರವಾಸಿ ವೀಸಾ. ಅಲ್ಲಿಗೆ ಹೋದಮೇಲೆ ಕೆಲಸದ ವೀಸಾಕ್ಕೆ ಬದಲಾಯಿಸಿಕೊಡ್ತಾರಂತೆ. ಏಜೆಂಟ್ರು ಹೇಳಿದಾರೆ. ಮುಂಗಡ ಕೊಟ್ಟಿದೀನಿ. ಮಿಕ್ಕಿದ್ದಕ್ಕೆ ಅಟ್ಟದ ಮೇಲಿನ ಕೊಬ್ಬರಿ ಮಾರ್ತೀನಿ."

ನಾನು ಲೇಖನಿಯನ್ನು ಕೆಳಗಿಟ್ಟೆ.

ಅಟ್ಟದ ಮೇಲಿನ ಕೊಬ್ಬರಿ ಎಂದರೇನೆಂಬುದು ನಗರವಾಸಿಗಳಾದ ವಾಚಕರಿಗೆ ತಿಳಿದಿರಲಾರದು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಾಡಿಸಿದರೆ ಗಲಗಲ ಎನ್ನಬೇಕು. ಅದು ಉಂಡೆ ಕೊಬ್ಬರಿ. ಮಗಳ ಮದುವೆ, ಮಗನ ಓದು, ತಂದೆಯ ಔಷಧ ಎಲ್ಲವೂ ಆ ಅಟ್ಟದಿಂದಲೇ ಇಳಿದು ಬರತಕ್ಕವು. ಹದಕ್ಕೆ ಬರುವ ಮುಂಚೆ ಇಳಿಸಿದವನಿಗೆ ಸಿಕ್ಕುವುದು ಅರೆಬರೆ ಬೆಲೆ. ಮೇಷ್ಟರ ಕಾಯಿಗಳು ಅಟ್ಟವೇರಿ ಇನ್ನೂ ಆರು ತಿಂಗಳಾಗಿತ್ತು.

ಆದಕಾರಣ ಪಟ್ಟಿಯನ್ನು ಬದಿಗಿಟ್ಟು ವೀಸಾದ ವಿಚಾರವನ್ನೇ ಮೊದಲು ಹೇಳಿದೆ. ಹೊರಡುವ ಎಲ್ಲ ಉಪಾಧ್ಯಾಯ ಮಿತ್ರರಿಗೂ ಅದನ್ನೇ ಹೇಳುತ್ತೇನೆ. ಚೀನಾದ ವೀಸಾಗಳಿಗೆ ರೋಮನ್ ಅಕ್ಷರಗಳ ಹೆಸರುಂಟು. ಊರು ನೋಡಲು ಹೋಗುವವರಿಗೆ 'ಎಲ್'. ಶಾಲೆಯೋ ವಿಶ್ವವಿದ್ಯಾನಿಲಯವೋ ಆಹ್ವಾನಪತ್ರ ಕಳುಹಿಸಿ, ವಿಚಾರ ವಿನಿಮಯಕ್ಕೆಂದು ಕೆಲವು ದಿನಗಳ ಮಟ್ಟಿಗೆ ಕರೆಸಿಕೊಂಡರೆ 'ಎಫ್'. ಓದಲು ಹೋಗುವವರಿಗೆ 'ಎಕ್ಸ್'. ಸಂಬಳ ಪಡೆದು ಕಲಿಸುವುದಾದರೆ 'ಜೆಡ್' ಒಂದೇ ದಾರಿ. ಅದಕ್ಕಾಗಿ ಕೆಲಸ ಕೊಡುವ ಸಂಸ್ಥೆಯೇ ಅಲ್ಲಿಯ ಸರ್ಕಾರದಿಂದ ಉದ್ಯೋಗ ಪರವಾನಗಿಯ ಸೂಚನಾಪತ್ರವನ್ನು ಮೊದಲು ಪಡೆದು ನಮಗೆ ಕಳುಹಿಸಬೇಕು. ಹೋಗಿ ಇಳಿದ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿಯ ಕಾನೂನಿನಂತೆ, ಪರವಾನಗಿಯಿಲ್ಲದೆ ದುಡಿದ ವಿದೇಶೀಯನಿಗೆ 5,000ದಿಂದ 20,000 ಯುವಾನ್‌ವರೆಗೆ ದಂಡ. ಪ್ರಕರಣ ಗಂಭೀರವಾದುದಾದರೆ 5ರಿಂದ 15 ದಿನಗಳ ಬಂಧನವೂ ಉಂಟು. ಸಿಕ್ಕಿಬೀಳುವವನು ಮೇಷ್ಟರೇ ಹೊರತು ಬೆಂಗಳೂರಿನಲ್ಲಿ ಕುಳಿತ ಏಜೆಂಟನಲ್ಲ.

ಇಂಗ್ಲಿಷ್ ಅಧ್ಯಾಪಕರು ಇನ್ನೊಂದು ಮಾತನ್ನು ಗಮನದಲ್ಲಿಡತಕ್ಕದ್ದು. ಅಲ್ಲಿ ಇಂಗ್ಲಿಷ್ ಕಲಿಸಲು ಬರುವವನು ಆ ಭಾಷೆ ಮಾತೃಭಾಷೆಯಾಗಿರುವ ದೇಶದ ಪ್ರಜೆಯಾಗಿರಬೇಕೆಂಬುದು ಸಾಮಾನ್ಯ ನಿಯಮ. ನಾವು ಎಷ್ಟೇ ಶೇಕ್ಸ್‌ಪಿಯರನನ್ನು ಅರೆದು ಕುಡಿದಿದ್ದರೂ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಮನೆಪಾಠದ ಸಂಸ್ಥೆಗಳನ್ನಂತೂ 2021ರಲ್ಲಿ ಸರ್ಕಾರವೇ ಬಿಗಿಹಿಡಿಯಿತು. ಅಂಥ ಸಂಸ್ಥೆಯ ಹೆಸರಿನಲ್ಲಿ ಕೆಲಸ ಕೊಡಿಸುತ್ತೇನೆಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳುಹಿಸಿಬಿಡುವುದು ಲೇಸು.

"ಹಾಗಾದ್ರೆ ಹ್ಯೂಯೆನ್ ತ್ಸಾಂಗ್ ಯಾವ ವೀಸಾದಲ್ಲಿ ಬಂದಿದ್ದ ಸ್ವಾಮಿ?" ಎಂದರು ಮೇಷ್ಟರು, ಸ್ವಲ್ಪ ಕೋಪದಿಂದಲೇ.

ಪ್ರಶ್ನೆ ಚೆನ್ನಾಗಿಯೇ ಇತ್ತು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ನೋಡಿ ಬರೆದಿಟ್ಟ ಆ ಮಹಾಶಯ, ದೇಶ ಬಿಟ್ಟು ಹೋಗಕೂಡದೆಂಬ ರಾಜಾಜ್ಞೆಯನ್ನು ಮೀರಿ, ಕದ್ದು ಗಡಿ ದಾಟಿದವನು. ಹಿಂದಿರುಗುವಾಗ ಖೋತಾನಿನಿಂದ ಚಕ್ರವರ್ತಿಗೆ ಕ್ಷಮಾಪಣೆಯ ಪತ್ರ ಬರೆದು, 645ರಲ್ಲಿ ರಾಜಧಾನಿಯನ್ನು ಸೇರಿದ. ಅವನು ತಂದದ್ದು 657 ಗ್ರಂಥಗಳು. ಆದಕಾರಣ ಕ್ಷಮೆ ದೊರಕಿತು. ನಮ್ಮ ಮೇಷ್ಟರ ಬಳಿ ಇರುವುದು ಎರಡು ಯೋಗದ ಪುಸ್ತಕ.

ಮೇಷ್ಟರು ನಕ್ಕರು. ಆಮೇಲೆ ಮಿಕ್ಕ ಸಂಗತಿಗಳಿಗೆ ಬಂದೆವು.

ಅಲ್ಲಿ ಮೊಬೈಲು ಫೋನಿಲ್ಲದೆ ಚಹವೂ ಹುಟ್ಟುವುದಿಲ್ಲ. ಅಲಿಪೇ, ವೀಚಾಟ್ ಎಂಬ ಎರಡು ಆ್ಯಪ್‌ಗಳಲ್ಲಿಯೇ ಊರಿನ ವ್ಯಾಪಾರವೆಲ್ಲ ನಡೆಯುತ್ತದೆ. ವಿದೇಶದಲ್ಲಿ ನಡೆಯುವ ಕಾರ್ಡನ್ನು ಅವಕ್ಕೆ ಇಲ್ಲಿಯೇ ಜೋಡಿಸಿಕೊಂಡು ಹೋಗಬೇಕು. ವಾಟ್ಸಾಪ್, ಗೂಗಲ್, ಯೂಟ್ಯೂಬ್ ಅಲ್ಲಿಯ ಅಂತರ್ಜಾಲದಲ್ಲಿ ತೆರೆಯುವುದಿಲ್ಲ. ಈ ಮಾತನ್ನು ಮನೆಯವರಿಗೆ ಮುಂಚೆಯೇ ತಿಳಿಸದಿದ್ದರೆ, ಫೋನು ಬರಲಿಲ್ಲವೆಂದು ಇಲ್ಲಿ ಹರಕೆ ಹೊರುವ ಪ್ರಸಂಗ ಬಂದೀತು. ನನ್ನ ತಾಯಿ ಹೊತ್ತಿದ್ದರು. ಮನೆಯವರ ಫೋನಿಗೂ ವೀಚಾಟ್ ಹಾಕಿಸಿ ಹೊರಡಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ದಪ್ಪ ಮೂರು ಗುಂಡುಕಡ್ಡಿಗಳ ಪ್ಲಗ್ಗು ಅಲ್ಲಿಯ ಗೋಡೆಗೆ ಹೊಂದುವುದಿಲ್ಲ. ಪವರ್ ಬ್ಯಾಂಕ್ ಒಯ್ಯುವುದಾದರೆ ಅದರ ಮೇಲೆ ಚೀನಾದ 'ತ್ರೀ ಸಿ' ಮುದ್ರೆಯಿರಬೇಕು. ಇಲ್ಲದವನ್ನು ಅಲ್ಲಿಯ ಒಳನಾಡಿನ ವಿಮಾನಗಳಲ್ಲಿ 2025ರ ಜೂನ್ 28ರಿಂದ ನಿಷೇಧಿಸಿದ್ದಾರೆ. ಹೋಟೆಲನ್ನು ಬಿಟ್ಟು ಯಾರದಾದರೂ ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಗಳೊಳಗೆ ಪೊಲೀಸರಲ್ಲಿ ಹೆಸರು ಬರೆಯಿಸತಕ್ಕದ್ದು.

ಊಟದ ವಿಚಾರದಲ್ಲಿ ಮೇಷ್ಟರು ಅಪ್ಪಟ ಸಸ್ಯಾಹಾರಿಗಳು. 'ವೋ ಚಿ ಸು', ಎಂದರೆ ನಾನು ಸಸ್ಯಾಹಾರಿ ಎಂಬುದನ್ನು ಚೀನೀ ಲಿಪಿಯಲ್ಲಿಯೇ ಬರೆಸಿಕೊಂಡು ಜೇಬಿನಲ್ಲಿಡಬೇಕು. ಸೊಪ್ಪಿನ ಪಲ್ಯವೆಂದು ತಂದಿಟ್ಟುದರಲ್ಲಿಯೂ ಹಂದಿಯ ಕೊಬ್ಬು ಸೇರಿರಬಹುದಾದ್ದರಿಂದ ಆ ಚೀಟಿಯಲ್ಲಿ ಅದನ್ನೂ ಸ್ಪಷ್ಟಪಡಿಸತಕ್ಕದ್ದು. ಬೌದ್ಧ ದೇವಾಲಯಗಳ ಸಮೀಪದ ಸಸ್ಯಾಹಾರದ ಊಟದ ಮನೆಗಳು ನಂಬತಕ್ಕವು. ಬಿಸಿನೀರು ರೈಲಿನಲ್ಲಿಯೂ ನಿಲ್ದಾಣದಲ್ಲಿಯೂ ಯಥೇಚ್ಛ. ಅವಲಕ್ಕಿ, ಚಟ್ನಿಪುಡಿ, ಒಂದು ಸ್ಟೀಲಿನ ಡಬ್ಬಿ ಇದ್ದವನು ಉಪವಾಸ ಬೀಳನು.

ಭಾಷೆಯ ವಿಷಯಕ್ಕೆ ಬಂದಾಗ ನನ್ನ ಉಪನ್ಯಾಸ ತುಸು ದೀರ್ಘವಾಯಿತೆಂದು ಒಳಗಿನಿಂದ ನನ್ನಾಕೆ ಕೆಮ್ಮಿದ್ದರಿಂದ ತಿಳಿಯಿತು. ಆದರೂ ಹೇಳುತ್ತೇನೆ. ಕನ್ನಡಿಗನಿಗೆ ಅಲ್ಲಿ ಒಂದು ಅನುಕೂಲವಿದೆ. ರೋಮನ್ ಲಿಪಿಯಲ್ಲಿ ಅವರು ಬರೆಯುವ 'ಬಿ' ನಮ್ಮ ಪಕಾರಕ್ಕೆ ಹತ್ತಿರ. 'ಪಿ' ಅದರ ಮಹಾಪ್ರಾಣ. 'ಕ್ಯೂ' ಎಂದು ಬರೆದಿದ್ದರೆ ಛಕಾರಕ್ಕೆ ಸಮೀಪದ ಧ್ವನಿ, 'ಎಕ್ಸ್' ಎಂದಿದ್ದರೆ ಶಕಾರ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದನೆಯ ತರಗತಿಯಲ್ಲಿಯೇ ಒಪ್ಪಿಸಿದವರಿಗೆ ಇದು ಕಷ್ಟವಲ್ಲ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. 'ಮೈ' ಎಂಬುದನ್ನು ಇಳಿಸಿ ಏರಿಸಿದರೆ ಕೊಳ್ಳುವುದು, ಥಟ್ಟನೆ ಇಳಿಸಿದರೆ ಮಾರುವುದು. ನಮ್ಮಲ್ಲಿ ಬಳೆಗೂ ಬಾಳೆಗೂ ಒಂದು ದೀರ್ಘದ ಅಂತರವಿಲ್ಲವೆ?

ಅಲ್ಲಿ ಉಪಾಧ್ಯಾಯರನ್ನು 'ಲಾವ್‌ಷಿ' ಎಂದು ಕರೆಯುತ್ತಾರೆ. ಮೊದಲರ್ಧಕ್ಕೆ ಹಿರಿಯ, ವೃದ್ಧ ಎಂಬ ಅರ್ಥವಿದ್ದರೂ ಮೀಸೆ ಮೂಡದ ತರುಣನಿಗೂ ಅದೇ ಗೌರವ. ಅವರ ಶಿಕ್ಷಕರ ದಿನ ಸೆಪ್ಟೆಂಬರ್ 10. ಗಡಿಯ ವಿವಾದವನ್ನು ತರಗತಿಯಲ್ಲಿ ಎತ್ತತಕ್ಕದ್ದಲ್ಲ. ಅವರಾಗಿ ಎತ್ತಿದರೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರ ಹೆಸರನ್ನು ಹೇಳಿ. ನಮ್ಮ ಗಡಿಯಾಚೆಯ ಆ ಊರಿನಲ್ಲಿ 1910ರಲ್ಲಿ ಹುಟ್ಟಿದ ಅವರು 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಹೋಗಿ, ಚೀನೀ ಭಾಷೆಯನ್ನು ಕಲಿತು, ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತ, ಅಲ್ಲಿಯ ವೈದ್ಯಶಾಲೆಯಲ್ಲಿ ಪಾಠವನ್ನೂ ಹೇಳಿದರು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಷಿಜಿಯಾಜುವಾಂಗ್ ನಗರದಲ್ಲಿ ಅವರ ಸಮಾಧಿಯಿದೆ. ಬೀಜಿಂಗಿಗೆ ಹೋದವರು ಒಂದು ದಿನ ಬಿಡುವು ಮಾಡಿಕೊಂಡರೆ ವೇಗದ ರೈಲಿನಲ್ಲಿ ನೋಡಿ ಬರಬಹುದು.

"ಅಲ್ಲಿಯ ಹೆಡ್‌ಮಾಸ್ಟ್ರಿಗೆ ಒಂದು ಗೋಡೆ ಗಡಿಯಾರ ತಗೊಂಡು ಹೋಗೋಣ ಅಂತಿದೀನಿ," ಎಂದರು ಮೇಷ್ಟರು. ನಿವೃತ್ತರಾಗುವ ಉಪಾಧ್ಯಾಯರಿಗೆಲ್ಲ ಗೋಡೆ ಗಡಿಯಾರವನ್ನೇ ಕೊಡುವ ಸೀಮೆ ನಮ್ಮದು! ಚೀನೀ ನುಡಿಯಲ್ಲಿ ಗಡಿಯಾರ ಕೊಡುವುದಕ್ಕೂ ಸತ್ತವರನ್ನು ಕಳುಹಿಸಿಕೊಡುವುದಕ್ಕೂ ಒಂದೇ ಉಚ್ಚಾರಣೆ. ಗಡಿಯಾರ ಬೇಡ, ಚನ್ನಪಟ್ಟಣದ ಬೊಂಬೆಯನ್ನು ಎರಡೂ ಕೈಗಳಿಂದ ಕೊಡಿ ಎಂದೆ. ತಾಜಾ ಹಣ್ಣು, ತರಕಾರಿ, ಬೀಜ, ಮಾಂಸ, ಬೆಣ್ಣೆ ಇವನ್ನು ಸುಂಕದವರು ಒಳಕ್ಕೆ ಬಿಡುವುದಿಲ್ಲವಾದ್ದರಿಂದ ಎಳನೀರಿನ ಆಸೆಯನ್ನೂ ಬಿಡಬೇಕಾಯಿತು.

ಮಾರನೆಯ ದಿನ ಮೇಷ್ಟರು ಏಜೆಂಟರಿಗೆ ಫೋನು ಮಾಡಿ ಸೂಚನಾಪತ್ರವನ್ನು ಕೇಳಿದರಂತೆ. "ಅದೆಲ್ಲ ಹೋದಮೇಲೆ" ಎಂಬ ಉತ್ತರ ಬಂತು. ಅನಂತರ ಆ ಕಡೆಯಿಂದ ಫೋನು ಎತ್ತಿಲ್ಲ. ಮುಂಗಡ ಮುಳುಗಿತೆಂದೇ ತೋರುತ್ತದೆ. ಮೇಷ್ಟರ ತಂದೆ ಎರಡು ದಿನ ಮಗನೊಡನೆ ಮಾತಾಡಲಿಲ್ಲ. ನಾವಿಬ್ಬರೂ ಕುಳಿತು ಕುನ್‌ಮಿಂಗಿನ ಯೋಗಶಾಲೆಗೆ ನೇರವಾಗಿಯೇ ಬರೆದೆವು. ಉತ್ತರ ಬಂದಿದೆ: ಪದವಿಯ ಪ್ರಮಾಣಪತ್ರ, ಎರಡು ವರ್ಷಗಳ ಅನುಭವದ ಪತ್ರ, ಪೊಲೀಸರ ಸನ್ನಡತೆಯ ಪತ್ರ ಇವುಗಳೊಡನೆ ಅರ್ಜಿ ಹಾಕಬೇಕು, ತಿಂಗಳುಗಳೇ ಹಿಡಿಯಬಹುದು. ಕೊಬ್ಬರಿಗೂ ಅಷ್ಟೇ ತಿಂಗಳು ಬಾಕಿಯಿದೆಯೆಂದು ಮೇಷ್ಟರು ಲೆಕ್ಕ ಹಾಕಿದರು.

ನಿನ್ನೆ ಸಂಜೆ ಅವರ ಮನೆಯ ಮುಂದೆ ಹಾದುಬರುವಾಗ ಒಳಗಿನಿಂದ "ಮೈ, ಮೈ" ಎಂಬ ಅಭ್ಯಾಸದ ಧ್ವನಿ ಕೇಳುತ್ತಿತ್ತು. ಕೊಳ್ಳುತ್ತಿದ್ದರೋ ಮಾರುತ್ತಿದ್ದರೋ, ಬೀದಿಯಲ್ಲಿ ನಿಂತ ನನಗೆ ತಿಳಿಯಲಿಲ್ಲ.