ಬದಲಾದ ಬಹುಮತ, ಅಳಿದ ಕಾನೂನು

ಸರಕಾರದ ಅಧಿಕಾರ ಮಿತವಾಗಿರಬೇಕು, ಮಾರುಕಟ್ಟೆ ಮುಕ್ತವಾಗಿರಬೇಕು ಎಂಬುದು ಅಮೆರಿಕದ ಮಿಷಿಗನ್ ರಾಜ್ಯದ ಮ್ಯಾಕಿನಾ ಸೆಂಟರ್ ಎಂಬ ಚಿಂತನ ಸಂಸ್ಥೆಯ ನಿಲುವು. ರಾಜಕಾರಣಿಗಳು ಜನಾಭಿಪ್ರಾಯ ಒಪ್ಪುವ ಎಲ್ಲೆಯೊಳಗೇ ನಡೆಯುತ್ತಾರೆ. ಆದುದರಿಂದ ಮೊದಲು ಆ ಎಲ್ಲೆಯನ್ನೇ ಸರಿಸಬೇಕೆಂಬುದು ಅದರ ಉಪಾಧ್ಯಕ್ಷರಾಗಿದ್ದ ಜೋಸೆಫ್ ಓವರ್ಟನ್ ಅವರ ಪ್ರತಿಪಾದನೆ.

ಕಾರ್ಮಿಕ ಸಂಘಕ್ಕೆ ವಂತಿಗೆ ತೆರುವುದು ನೌಕರಿಯ ಷರತ್ತಾಗಬಾರದೆಂದು ಸಂಸ್ಥೆ ವರ್ಷಗಟ್ಟಲೆ ವಾದಿಸಿತು. ಮೋಟಾರು ಕಾರ್ಮಿಕ ಸಂಘಟನೆಯ ತವರಾದ ಈ ರಾಜ್ಯದಲ್ಲಿ 2012ರಲ್ಲಿ ರಿಪಬ್ಲಿಕನ್ ಬಹುಮತದಿಂದ ಅದು ಕಾನೂನಾಯಿತು. 2023ರಲ್ಲಿ ಡೆಮಾಕ್ರಟಿಕ್ ಬಹುಮತ ಅದನ್ನು ರದ್ದುಗೊಳಿಸಿತು.

ವಂತಿಗೆ ಒಲ್ಲದವನ ಸ್ವಾತಂತ್ರ್ಯ ದೊಡ್ಡದೋ, ಸಂಘದ ಹೋರಾಟದ ಫಲ ಉಣ್ಣುವವನ ಹೊಣೆ ದೊಡ್ಡದೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಶಾಸನಸಭೆಯಲ್ಲಿ ಗೆದ್ದ ವಾದ ಜನಮನದಲ್ಲಿ ಬೇರೂರದಿದ್ದರೆ, ಬಹುಮತ ಬದಲಾದೊಡನೆ ಅದರ ಆಯುಷ್ಯವೂ ತೀರುತ್ತದೆ.