ಗಾಳಿ ಇದ್ದರೆ ಪುಡಿ, ಇಲ್ಲದಿದ್ದರೆ ಅಂಟು!

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ದಿ ಬೈಕುಗಳು ತಯಾರಾಗುತ್ತಿದ್ದವು. ಅಂಥ ಹಳೆಯ ಬೈಕು ಮನೆಯಲ್ಲಿದ್ದರೆ, ಮೆಕ್ಯಾನಿಕ್ ಅದನ್ನು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ. ಬಿಗಿಯಾಗಿ ಕೂತಿದ್ದ ಬೋಲ್ಟು, ವಾಷರುಗಳ ನಡುವೆ ಕೆಲವೊಮ್ಮೆ ಕಂದು ಬಣ್ಣದ ನುಣುಪು ಪುಡಿ ಸಿಗುತ್ತದೆ. ನೀರೇ ತಾಗದ ಜಾಗದಲ್ಲಿ ಇದು ಎಲ್ಲಿಂದ ಬಂತು?

ಕಾರಣ ನಡುಕ. ಇಂಜಿನ್ ಅದುರಿದಾಗ ಬಿಗಿದ ಭಾಗಗಳೂ ಒಂದನ್ನೊಂದು ಉಜ್ಜುತ್ತವೆ. ಈ ಚಲನೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಇಂಥ ಸವೆತವನ್ನು ಇಂಜಿನಿಯರುಗಳು ‘ಫ್ರೆಟಿಂಗ್’ ಎನ್ನುತ್ತಾರೆ.

ಸ್ಟೇನ್‌ಲೆಸ್ ಸ್ಟೀಲಿಗೂ ಇದರಿಂದ ವಿನಾಯಿತಿ ಇಲ್ಲ. ಅದರಲ್ಲಿ ಕನಿಷ್ಠ ಶೇ. 10.5ರಷ್ಟಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಅತಿ ತೆಳುವಾದ ಪೊರೆ ಕಟ್ಟುತ್ತದೆ. ನಿಮ್ಮ ಊಟದ ಡಬ್ಬಿ ತುಕ್ಕು ಹಿಡಿಯದಿರುವುದು ಈ ಪೊರೆಯಿಂದಲೇ. ಉಜ್ಜಾಟದಲ್ಲಿ ಪೊರೆ ಹರಿಯುತ್ತದೆ, ಗಾಳಿ ಕೂಡಲೇ ಹೊಸದನ್ನು ಕಟ್ಟುತ್ತದೆ, ಅದೂ ಹರಿಯುತ್ತದೆ. ಪ್ರತಿ ಸಲವೂ ಒಂದಿಷ್ಟು ಲೋಹ ಪುಡಿಯಾಗುತ್ತದೆ.

ಹಾಗಾದರೆ ಗಾಳಿಯನ್ನು ಕಡಿಮೆ ಮಾಡಿದರೆ? ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 8-9ರಷ್ಟು ಕಡಿಮೆ. ಇಷ್ಟರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಆದರೆ ಗಾಳಿಯನ್ನು ಬಹುಪಾಲು ಹೊರತೆಗೆದ ನಿರ್ವಾತ ಕೋಣೆಯಲ್ಲಿ ಕಥೆಯೇ ಬೇರೆ. ಪುಡಿಯೇನೋ ಕಡಿಮೆಯಾಗುತ್ತದೆ. ಆದರೆ ಹರಿದ ಪೊರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಬರಿಯ ಲೋಹಕ್ಕೆ ಬರಿಯ ಲೋಹ ತಾಗಿ ಎರಡೂ ಕಚ್ಚಿಕೊಳ್ಳುತ್ತವೆ.

ಇದರ ಬೆಲೆ ತೆತ್ತದ್ದು ಗುರುಗ್ರಹದತ್ತ ಹೊರಟಿದ್ದ ಅಮೆರಿಕದ ಗೆಲಿಲಿಯೋ ನೌಕೆ. 1991ರ ಏಪ್ರಿಲ್‌ನಲ್ಲಿ ಅದರ ಕೊಡೆಯಂಥ ದೊಡ್ಡ ಆಂಟೆನಾ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಉಡಾವಣೆಗೆ ಮುಂಚೆ ಲಾರಿಯಲ್ಲಿ ದೇಶದ ಉದ್ದಗಲ ಸಾಗಿಸಿದಾಗ ಆದ ಕುಲುಕಾಟಕ್ಕೆ, ಅದರ ಪಿನ್ನುಗಳಿಗೆ ಬಳಿದಿದ್ದ ಒಣ ಲೇಪ ಸವೆದಿತ್ತು. ನಿರ್ವಾತದಲ್ಲಿ ಲೋಹಗಳು ಕಚ್ಚಿಕೊಂಡವು ಎಂಬುದು ತನಿಖೆಯ ತೀರ್ಮಾನ. ಅಲ್ಲಿದ್ದುದು ಸ್ಟೀಲಲ್ಲ, ಟೈಟಾನಿಯಂ ಪಿನ್ನು. ತತ್ತ್ವ ಮಾತ್ರ ಒಂದೇ. ಸಣ್ಣ ಆಂಟೆನಾ ಒಂದರಿಂದಲೇ ವಿಜ್ಞಾನಿಗಳು ಕೆಲಸ ಸಾಗಿಸಬೇಕಾಯಿತು.

ಬೆಂಗಳೂರಿನಲ್ಲಿ ಇಸ್ರೋ ತನ್ನ ಉಪಗ್ರಹಗಳನ್ನು ಕಂಪನ ಯಂತ್ರದ ಮೇಲೆ ಅಲುಗಾಡಿಸಿ, ನಿರ್ವಾತ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತದೆ. ಮೇಲೆ ಹೋದ ಬಳಿಕ ಅಂಟಿಕೊಂಡ ಪಿನ್ನನ್ನು ಬಿಡಿಸಲು ಯಾವ ಮೆಕ್ಯಾನಿಕ್ಕೂ ಹೋಗಲಾರ!

ಘರ್ಷಣೆಯ ಪಾಠ ಓದುವಾಗ ಉಜ್ಜುವ ಎರಡು ವಸ್ತುಗಳನ್ನಷ್ಟೇ ಲೆಕ್ಕ ಹಾಕುತ್ತೇವೆ. ಅವುಗಳ ಸುತ್ತಲಿನ ಗಾಳಿಯನ್ನೂ ಸೇರಿಸಿಕೊಳ್ಳಿ.