ಲಾಳಿ ಸವೆದರೆ ಮಗ್ಗವನ್ನೇ ಎಸೆಯುವುದೇ?

ಗಿರಣಿಯಲ್ಲಿ ದುಡಿಯುವ ಮಿತ್ರರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಲಾಳಿ ಸವೆದರೆ ಲಾಳಿಯನ್ನು ಬದಲಿಸುತ್ತೀರೋ, ಮಗ್ಗವನ್ನೇ ಗುಜರಿಗೆ ಹಾಕುತ್ತೀರೋ? ಹಾಗಾದರೆ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇಕೆ?

ನಮ್ಮ ಬೀದಿಯ ಕಾರ್ಮಿಕರೊಬ್ಬರು ಮೊನ್ನೆ ಮಗನೊಡನೆ ಬಂದರು. "ಮೇಷ್ಟ್ರೇ, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಂತೆ. ಸಾಲ ಮಾಡಲೇ?" ಎಂದರು. ಹುಡುಗನದು ಆಟವಾಡುವ ಕಂಪ್ಯೂಟರು, ೨೦೧೮ರಲ್ಲಿ ಕೊಂಡದ್ದು. ಒಳಗಿರುವುದು ಎ.ಎಂ.ಡಿ. ಕಂಪನಿಯ ರೈಜೆನ್ ೫ ೨೬೦೦ ಪ್ರೊಸೆಸರು, ಬಿ೪೫೦ ಮದರ್‌ಬೋರ್ಡು. ಹೊಸ ಆಟಗಳು ಅದರಲ್ಲಿ ತಡವರಿಸುತ್ತವೆ. ಆಟಕ್ಕೆ ದುಡ್ಡೇಕೆ ಎನ್ನುವವರಿದ್ದಾರೆ. ಕೂಲಿಯವರ ಮಗನಿಗೆ ಆಟದ ಹಕ್ಕಿಲ್ಲವೇ? ಆಟವೂ ಇರಲಿ, ಆದರೆ ಸಾಲ ಬೇಡವೆಂದೆ.

ಮೊದಲು ರೋಗವೆಲ್ಲಿದೆಯೆಂದು ತಿಳಿಯಬೇಕು. ಆಟದ ಚಿತ್ರದ ರೆಸಲ್ಯೂಷನ್ ತಗ್ಗಿಸಿ ನೋಡಿ. ಆಟ ಚುರುಕಾದರೆ ಭಾರವಿರುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಪ್ರೊಸೆಸರಿಗೆ ಹಾಕುವ ಹಣ ವ್ಯರ್ಥ. ಏನೂ ಬದಲಾಗದಿದ್ದರೆ ಪ್ರೊಸೆಸರೇ ಹಿಂದೆ ಬಿದ್ದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಈ ಹುಡುಗನ ಯಂತ್ರದಲ್ಲಿ ಹಾಗೆಯೇ ಇತ್ತು.

ಆ ಬೋರ್ಡಿನಲ್ಲಿರುವ ಸಾಕೆಟ್ಟಿನ ಹೆಸರು ಎ.ಎಂ.೪. ೨೦೨೨ರಲ್ಲಿ ಬಂದ ರೈಜೆನ್ ೫ ೫೬೦೦ ಅದೇ ಸಾಕೆಟ್ಟಿನಲ್ಲಿ ಕೂಡುತ್ತದೆ. ಹಳೆಯದಕ್ಕೂ ಹೊಸದಕ್ಕೂ ಆರೇ ಕೋರುಗಳು. ಎರಡಕ್ಕೂ ೬೫ ವ್ಯಾಟ್. ಆದರೆ ಹೊಸದರ ಒಂದೊಂದು ಕೋರೂ ಹೆಚ್ಚು ಚುರುಕು. ಬೇಕಾದ ಮಾಹಿತಿಯನ್ನು ಕೈಗೆಟಕುವಂತೆ ಇಡುವ ಮೂರನೆಯ ಹಂತದ ಕ್ಯಾಶೆ ೧೬ ಮೆಗಾಬೈಟಿನ ಬದಲು ೩೨. ಆಟಗಳಿಗೆ ಇದು ಬಹಳ ಮುಖ್ಯ. ಅಗ್ಗದ ೫೫೦೦ರಲ್ಲಿ ಅದು ೧೬ ಮಾತ್ರ. ಬೆಲೆಯ ಅಂತರ ಸ್ವಲ್ಪವಾದರೆ ೫೬೦೦ನ್ನೇ ಆರಿಸಿರಿ. ಹಳೆಯ ಬೋರ್ಡು, ಮೆಮೊರಿ, ಪವರ್ ಸಪ್ಲೈ ಎಲ್ಲವೂ ಉಳಿಯುತ್ತವೆ. ಎ.ಎಂ.೫ಕ್ಕೆ ಹೋದರೆ ಬೋರ್ಡೂ ಹೊಸದು, ಡಿ.ಡಿ.ಆರ್.೫ ಮೆಮೊರಿಯೂ ಹೊಸದು.

ಒಂದು ಎಚ್ಚರಿಕೆ. ಹಳೆಯ ಪ್ರೊಸೆಸರು ಇರುವಾಗಲೇ ಬೋರ್ಡಿನ ಬಯಾಸ್ ನವೀಕರಿಸಬೇಕು. ನಡುವೆ ಕರೆಂಟು ಹೋದರೆ ಬೋರ್ಡೇ ಕೆಟ್ಟೀತು. ಕರೆಂಟು ಹೋಗುವ ಹೊತ್ತಿನಲ್ಲಿ ಈ ಕೆಲಸ ಸಲ್ಲದು.

ಇಷ್ಟು ಸುಲಭದ ದಾರಿ ನಮಗೆ ದಾನವಾಗಿ ಬಂದದ್ದಲ್ಲ. ೨೦೨೦ರ ಮೇ ತಿಂಗಳಲ್ಲಿ ಇದೇ ಕಂಪನಿಯು, ಮುಂದೆ ಬರುವ ಪ್ರೊಸೆಸರುಗಳು ಬಿ೪೫೦ ಬೋರ್ಡಿನಲ್ಲಿ ನಡೆಯುವುದಿಲ್ಲವೆಂದು ಸಾರಿತ್ತು. ಬಯಾಸ್ ಚಿಪ್ಪಿನಲ್ಲಿ ಜಾಗ ಸಾಲದೆಂಬುದು ಅದು ಕೊಟ್ಟ ಕಾರಣ. ಬೋರ್ಡು ಕೊಂಡವರು ಸುಮ್ಮನಿರಲಿಲ್ಲ. ಊರೂರಿನಿಂದ, ದೇಶದೇಶದಿಂದ ಆಕ್ಷೇಪವೆತ್ತಿದರು. ಅದೇ ತಿಂಗಳು ಕಂಪನಿ ತನ್ನ ಮಾತನ್ನು ಹಿಂತೆಗೆದುಕೊಂಡಿತು. ೨೦೨೨ರಲ್ಲಿ ಇನ್ನೂ ಹಳೆಯ ಬಿ೩೫೦ ಬೋರ್ಡುಗಳಿಗೂ ಬಾಗಿಲು ತೆರೆಯಿತು. ಎಲ್ಲರಿಗೂ ಈ ಭಾಗ್ಯವಿಲ್ಲ: ೨೦೧೭ರಲ್ಲಿ ಇಂಟೆಲ್ ತಂದ ಎಂಟನೆಯ ತಲೆಮಾರಿನ ಮೇಜಿನ ಕಂಪ್ಯೂಟರಿನ ಪ್ರೊಸೆಸರುಗಳಿಗೆ ಸಾಕೆಟ್ಟಿನ ಹೆಸರು ಹಿಂದಿನಂತೆ ೧೧೫೧ ಆದರೂ, ಹಿಂದಿನ ಬೋರ್ಡುಗಳಲ್ಲಿ ಅವು ನಡೆಯಲಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಬೋರ್ಡು ತಯಾರಕರು ಪ್ರಕಟಿಸಿದ ಪ್ರೊಸೆಸರುಗಳ ಪಟ್ಟಿಯನ್ನು ನೋಡಿಕೊಳ್ಳಿ.

ಅಂಗಡಿಯ ಮಿತ್ರರಿಗೂ ಒಂದು ಮಾತು. ನಿಜ ಹೇಳಿ ಒಂದು ಚಿಪ್ಪು ಮಾರಿದರೆ ಲಾಭ ಸ್ವಲ್ಪವೇ. ಆದರೆ ಗಿರಾಕಿ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾನೆ. ಸಾಲದಲ್ಲಿ ಮುಳುಗಿದವನು ಯಾರ ಅಂಗಡಿಗೂ ಬರಲಾರ.

ಕಳೆದ ಭಾನುವಾರ ಆ ಹುಡುಗ ತನ್ನ ಕೈಯಾರೆ ಹೊಸ ಪ್ರೊಸೆಸರನ್ನು ಕೂರಿಸಿದ. ತಂದೆ ಸಾಲ ಮಾಡಲಿಲ್ಲ. ಕೇಳಿ ತಿಳಿದು ಕೊಳ್ಳುವುದು, ಅನ್ಯಾಯವಾದಾಗ ಒಟ್ಟಾಗಿ ದನಿಯೆತ್ತುವುದು, ಕೊಳ್ಳುವವನಿಗೆ ಇರುವ ಬಲ ಇವೆರಡೇ. ಎರಡನ್ನೂ ಬಿಡದಿರೋಣ.